ರಾಜಕುಮಾರಿ ಏನು ಮಾಡಿದಳು?

2018ರ ಅಕ್ಟೋಬರ್‌ನಲ್ಲಿ ಇಬ್ಬರು ಹೆಸರಾಂತ ನಟಿಯರು ತಮ್ಮ ಪುಟ್ಟ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಬ್ರಿಟನ್ನಿನ ಕೀರಾ ನೈಟ್ಲಿ ತಮ್ಮ ಮೂರು ವರ್ಷದ ಮಗಳಿಗೆ ‘ಸಿಂಡರೆಲ್ಲಾ’ ಮತ್ತು ‘ದಿ ಲಿಟಲ್ ಮರ್ಮೇಡ್’ ಸಿನಿಮಾ ತೋರಿಸುವುದಿಲ್ಲ ಎಂದರು. ಒಬ್ಬಳು ಸಿರಿವಂತ ಗಂಡಸು ಬಂದು ಕಾಪಾಡಲಿ ಎಂದು ಕಾಯುತ್ತಾಳೆ, ಇನ್ನೊಬ್ಬಳು ಗಂಡಿಗಾಗಿ ತನ್ನ ದನಿಯನ್ನೇ ಕೊಟ್ಟುಬಿಡುತ್ತಾಳೆ ಎಂಬುದು ಅವರ ಆಕ್ಷೇಪ. ಅಮೆರಿಕದ ಕ್ರಿಸ್ಟನ್ ಬೆಲ್ ಅಷ್ಟು ಕಟ್ಟುನಿಟ್ಟು ಮಾಡಲಿಲ್ಲ. ಮಕ್ಕಳಿಗೆ ‘ಸ್ನೋ ವೈಟ್’ ಕಥೆ ಓದಿದ ಮೇಲೆ, ಗುರುತು ಪರಿಚಯ ಇಲ್ಲದ ಮುದುಕಿ ಕೊಟ್ಟ ಸೇಬನ್ನು ಏನೂ ಕೇಳದೆ ತೆಗೆದುಕೊಂಡದ್ದು ಸರಿಯೇ, ನಿದ್ದೆಯಲ್ಲಿದ್ದವಳನ್ನು ಕೇಳದೆ ರಾಜಕುಮಾರ ಮುತ್ತಿಟ್ಟದ್ದು ಸರಿಯೇ ಎಂದು ಅವರೊಂದಿಗೆ ಮಾತಾಡುತ್ತೇನೆ ಎಂದರು. ಗಮನಿಸಬೇಕಾದದ್ದು ಇನ್ನೊಂದಿದೆ. ಈ ಇಬ್ಬರೂ ಡಿಸ್ನಿ ಕಂಪನಿಯ ಸಿನಿಮಾಗಳಲ್ಲೇ ಕೆಲಸ ಮಾಡಿದವರು. ‘ಫ್ರೋಜನ್’ ಸಿನಿಮಾದ ರಾಜಕುಮಾರಿ ಆನಾಳ ದನಿ ಕ್ರಿಸ್ಟನ್ ಬೆಲ್ ಅವರದೇ. ನೈಟ್ಲಿ ಅವರಂತೂ ಮತ್ಸ್ಯಕನ್ಯೆಯ ಆ ಸಿನಿಮಾ ತಮಗೆ ಬಹಳ ಇಷ್ಟ, ಅದಕ್ಕೇ ಇನ್ನಷ್ಟು ಬೇಜಾರು ಎಂದೂ ಹೇಳಿದರು. ಇಷ್ಟವೂ ಹೌದು, ಕಸಿವಿಸಿಯೂ ಹೌದು. ಎಳೆಯ ಹೆಣ್ಣುಮಕ್ಕಳಿರುವ ಎಷ್ಟೋ ಮನೆಗಳ ತಂದೆತಾಯಿಯ ಮನಸ್ಸು ಇದೇ.

ಈ ಕಸಿವಿಸಿ ಈಗ ಕನ್ನಡದ ಮನೆಗಳಿಗೂ ಹೊಸದಲ್ಲ. ನ್ಯೂಜೆರ್ಸಿಯ ಕನ್ನಡ ಕುಟುಂಬದ ಹುಡುಗಿಯಂತೆಯೇ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಹುಡುಗಿಯರೂ ‘ಫ್ರೋಜನ್’ನ ಎಲ್ಸಾಳ ಚಿತ್ರವಿರುವ ವಾಟರ್ ಬಾಟಲ್ ಹಿಡಿದು ಶಾಲೆಗೆ ಹೋಗುತ್ತಾರೆ. ಬರ್ತ್‌ಡೇ ಕೇಕಿನ ಮೇಲೆ ಸಕ್ಕರೆಯ ಗೌನು ತೊಟ್ಟ ಬೊಂಬೆ ನಿಲ್ಲುತ್ತದೆ. ಮಗಳು ಕಿರೀಟ ಇಟ್ಟುಕೊಂಡು ಗಿರ್‍ರನೆ ಸುತ್ತಿ ಫ್ರಾಕಿನ ನೆರಿಗೆ ಅರಳಿಸಿದಾಗ ಹೆತ್ತವರ ಹೊಟ್ಟೆ ತಂಪಾಗುತ್ತದೆ. ಹುಟ್ಟುವ ಮೊದಲೇ ಹೆಣ್ಣನ್ನು ಪತ್ತೆಹಚ್ಚಿ ಬೇಡವೆನ್ನುವುದನ್ನು ತಡೆಯಲು 1994ರಲ್ಲಿ ಕಾಯ್ದೆಯನ್ನೇ ತರಬೇಕಾಗಿ ಬಂದ ದೇಶ ನಮ್ಮದು. ಇಂಥಲ್ಲಿ ಅಪ್ಪನೊಬ್ಬ ಮಗಳನ್ನು ಎತ್ತಿಕೊಂಡು ‘ನನ್ನ ರಾಜಕುಮಾರಿ’ ಎಂದು ಮುದ್ದಿಸುವುದು ಸಣ್ಣ ಸಂಗತಿಯಲ್ಲ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಅದೇ ಮಗಳು ಕನ್ನಡಿಯ ಮುಂದೆ ನಿಂತು ‘ನಾನು ಬೆಳ್ಳಗಿಲ್ಲವಲ್ಲ, ರಾಜಕುಮಾರಿ ಹೇಗಾಗಲಿ?’ ಎಂದು ಕೇಳಿದರೆ, ಗೌನು ಕೊಳೆಯಾಗುತ್ತದೆ ಎಂದು ಮಣ್ಣಿಗೆ ಇಳಿಯದೆ ನಿಂತರೆ, ಅಮ್ಮನ ಎದೆಯಲ್ಲಿ ಏನೋ ಚುರುಕ್ ಎನ್ನುತ್ತದೆ. ಓದಿ, ದುಡಿದು, ಮನೆಯವರೊಂದಿಗೆ ಹೋರಾಡಿ ತಾನು ಗಳಿಸಿದ ಜಾಗವನ್ನು ಈ ಕಿರೀಟ ಮಗಳಿಂದ ಕಸಿಯುತ್ತಿದೆಯೇ ಎಂಬ ಅಳುಕು ಅದು.

ಆ ಅಳುಕಿಗೆ ಆಧಾರವಿದೆ, ಆದರೆ ಅದು ಬೊಟ್ಟು ಮಾಡುವ ಜಾಗ ತಪ್ಪು ಎಂಬುದು ನನ್ನ ವಾದ. ರಾಜಕುಮಾರಿಯ ಆಟದಲ್ಲಿ ಎರಡು ಪಾಲಿವೆ: ಒಂದು ಕಥೆ, ಇನ್ನೊಂದು ಉಡುಗೆ. ಕಥೆಯಲ್ಲಿ ಹುಡುಗಿ ಏನನ್ನಾದರೂ ಮಾಡುತ್ತಾಳೆ. ಉಡುಗೆಯಲ್ಲಿ ಅವಳನ್ನು ಬೇರೆಯವರು ನೋಡುತ್ತಾರೆ. ಮಾರುಕಟ್ಟೆ ಕಥೆಯನ್ನು ಬದಿಗಿಟ್ಟು ಉಡುಗೆಯನ್ನು ಮಾತ್ರ ನಮ್ಮ ಕೈಗೆ ಕೊಟ್ಟಿತು. ಇದು ಹೇಗಾಯಿತು ಎಂಬುದಕ್ಕೆ ತಾರೀಖು ಸಹಿತ ಚರಿತ್ರೆಯಿದೆ. ಸ್ನೋ ವೈಟ್ ತೆರೆಗೆ ಬಂದದ್ದು 1937ರಲ್ಲಿ, ಸಿಂಡರೆಲ್ಲಾ 1950ರಲ್ಲಿ, ಮತ್ಸ್ಯಕನ್ಯೆ ಏರಿಯಲ್ 1989ರಲ್ಲಿ. ಅಷ್ಟೂ ವರ್ಷ ಇವರೆಲ್ಲ ಬೇರೆ ಬೇರೆ ಕಥೆಗಳ ಬೇರೆ ಬೇರೆ ಹುಡುಗಿಯರು. ‘ಡಿಸ್ನಿ ಪ್ರಿನ್ಸೆಸ್’ ಎಂಬ ಒಂದು ಗುಂಪೇ ಇರಲಿಲ್ಲ. ಕ್ರೀಡಾ ಬೂಟುಗಳ ನೈಕಿ ಕಂಪನಿಯಿಂದ ಬಂದು ಡಿಸ್ನಿಯ ಸರಕು ವಿಭಾಗದ ಹೊಣೆ ಹೊತ್ತ ಆ್ಯಂಡಿ ಮೂನಿ ಎಂಬ ಅಧಿಕಾರಿ, ಅರಿಜೋನಾದ ಫೀನಿಕ್ಸ್ ನಗರದಲ್ಲಿ ಹಿಮದ ಮೇಲಿನ ನೃತ್ಯಪ್ರದರ್ಶನಕ್ಕೆ ಹೋದಾಗ ಸರದಿಯಲ್ಲಿ ನಿಂತಿದ್ದ ಪುಟ್ಟ ಹುಡುಗಿಯರನ್ನು ಕಂಡರು. ಎಲ್ಲರೂ ರಾಜಕುಮಾರಿಯರ ವೇಷದಲ್ಲಿದ್ದರು, ಆದರೆ ಆ ಬಟ್ಟೆಗಳು ಕಂಪನಿಯವಲ್ಲ, ಮನೆಯಲ್ಲೇ ಹೊಂದಿಸಿಕೊಂಡವು. ಹುಡುಗಿಯರ ಕಲ್ಪನೆ ಅದಾಗಲೇ ಅಲ್ಲಿತ್ತು, ಅದನ್ನು ಮಾರಾಟಕ್ಕಿಡುವುದಷ್ಟೇ ಬಾಕಿಯಿತ್ತು. 2001ರಲ್ಲಿ ಸುಮಾರು 30 ಕೋಟಿ ಡಾಲರ್ ಇದ್ದ ಈ ಸರಕಿನ ಮಾರಾಟ 2006ರ ವೇಳೆಗೆ 300 ಕೋಟಿ ಡಾಲರ್ ಮುಟ್ಟಿತು. ಮಾರುಕಟ್ಟೆಯಲ್ಲಿದ್ದ ಸಾಮಾನುಗಳು 25 ಸಾವಿರ ಬಗೆಗಿಂತ ಹೆಚ್ಚು. ಪೆಗ್ಗಿ ಒರೆನ್‌ಸ್ಟೈನ್ ಎಂಬ ಲೇಖಕಿ ಆ ವರ್ಷ ‘ನ್ಯೂಯಾರ್ಕ್ ಟೈಮ್ಸ್’ ನಿಯತಕಾಲಿಕದಲ್ಲಿ ಇದನ್ನೆಲ್ಲ ಬರೆದಾಗಲೇ ಅಮೆರಿಕದ ತಾಯಂದಿರ ಒಳಗುದಿ ಬಹಿರಂಗ ಚರ್ಚೆಯಾದದ್ದು.

ಆ ಸಾಮಾನುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿ. ಟಿಫಿನ್ ಬಾಕ್ಸಿನ ಮುಚ್ಚಳವೋ ಶಾಲೆಯ ಬ್ಯಾಗೋ ಆಗಬಹುದು. ನಾಲ್ಕೈದು ರಾಜಕುಮಾರಿಯರು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಒಬ್ಬಳು ಎಡಕ್ಕೆ ನೋಡುತ್ತಾಳೆ, ಒಬ್ಬಳು ಆಚೆ ದೂರಕ್ಕೆ, ಒಬ್ಬಳು ನೇರ ನಮ್ಮತ್ತ. ಒಬ್ಬರ ಕಣ್ಣನ್ನು ಒಬ್ಬರು ನೋಡುವುದಿಲ್ಲ. ಒಂದು ಕಥೆಯವರನ್ನು ಇನ್ನೊಂದರವರ ಜೊತೆ ಬೆರೆಸಬಾರದೆಂಬ ಹಳೆಯ ಕಟ್ಟಳೆಗೆ ತಲೆಬಾಗಿ ಆರಂಭದಿಂದಲೇ ಹೀಗೆ ಚಿತ್ರಿಸಿದರು ಎಂದು ಒರೆನ್‌ಸ್ಟೈನ್ ಬರೆದಿದ್ದಾರೆ. ಕಾರಣ ಏನೇ ಇರಲಿ, ಮಗುವಿನ ಕಣ್ಣಿಗೆ ಬೀಳುವ ಚಿತ್ರ ಇದು: ಅಷ್ಟು ಜನ ಹುಡುಗಿಯರು ಒಟ್ಟಿಗಿದ್ದಾರೆ, ಆದರೆ ಗೆಳತಿಯರಲ್ಲ, ಮಾತಿಲ್ಲ, ಕೈಯಲ್ಲಿ ಕೆಲಸವಿಲ್ಲ. ನೋಡಿಸಿಕೊಳ್ಳಲು ನಿಂತಿದ್ದಾರೆ. ಇನ್ನೂ ಸ್ಪಷ್ಟ ಉದಾಹರಣೆ ಬೇಕಿದ್ದರೆ ಮೆರಿಡಾಳ ಪ್ರಸಂಗವಿದೆ. 2012ರ ‘ಬ್ರೇವ್’ ಸಿನಿಮಾದ ಈ ಸ್ಕಾಟ್ಲೆಂಡ್ ರಾಜಕುಮಾರಿ ದುಂಡುಮುಖದವಳು, ಬಾಚಣಿಗೆಗೆ ಬಗ್ಗದ ಕೆಂಪು ಗುಂಗುರು ಕೂದಲಿನವಳು, ಬಿಲ್ಲುಗಾರ್ತಿ. ತನ್ನ ಸ್ವಯಂವರದಲ್ಲಿ ತಾನೇ ಬಾಣ ಹೂಡಿ ಗೆಲ್ಲುವವಳು. ಮರುವರ್ಷ ಅವಳನ್ನು ರಾಜಕುಮಾರಿಯರ ಅಧಿಕೃತ ಗುಂಪಿಗೆ ಸೇರಿಸಿಕೊಳ್ಳುವಾಗ ಬಂದ ಚಿತ್ರದಲ್ಲಿ ಸೊಂಟ ಸಣ್ಣಗಾಗಿತ್ತು, ಕೂದಲು ಪಳಗಿತ್ತು, ಉಡುಗೆ ಮಿನುಗುತ್ತಿತ್ತು, ಬಿಲ್ಲು ಮಾಯವಾಗಿತ್ತು. ಆ ಪಾತ್ರವನ್ನು ಸೃಷ್ಟಿಸಿದ ನಿರ್ದೇಶಕಿ ಬ್ರೆಂಡಾ ಚಾಪ್‌ಮನ್ ಅವರೇ ಪ್ರತಿಭಟಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ ಮೇಲೆ ಕಂಪನಿಯ ಜಾಲತಾಣದಲ್ಲಿ ಹಳೆಯ ಮೆರಿಡಾಳೇ ಮರಳಿದಳು. ಸಿನಿಮಾ ಕೊಟ್ಟ ಬಿಲ್ಲನ್ನು ಸರಕು ಕಿತ್ತುಕೊಂಡಿತ್ತು. ನನ್ನ ತಕರಾರಿನ ತಿರುಳು ಇದೇ.

ಹಾಗೆಂದು ಸಿನಿಮಾಗಳೆಲ್ಲ ನಿರ್ದೋಷಿ ಎಂದಲ್ಲ. ಕಾರ್ಮೆನ್ ಫಾಟ್ ಮತ್ತು ಕರೆನ್ ಐಸೆನ್‌ಹಾವರ್ ಎಂಬ ಭಾಷಾವಿಜ್ಞಾನಿಗಳು ಈ ಸಿನಿಮಾಗಳ ಸಂಭಾಷಣೆಯನ್ನು ಒಂದೊಂದಾಗಿ ಎಣಿಸಿ 2016ರಲ್ಲಿ ಮುಂದಿಟ್ಟ ಲೆಕ್ಕ ಬೆರಗು ಹುಟ್ಟಿಸುತ್ತದೆ. ‘ಲಿಟಲ್ ಮರ್ಮೇಡ್’ನಲ್ಲಿ ಶೇ. 68ರಷ್ಟು ಮಾತು ಗಂಡಸರದ್ದು, 1992ರ ‘ಅಲ್ಲಾದೀನ್’ನಲ್ಲಿ ಶೇ. 90. ಯುದ್ಧಕ್ಕೆ ಹೋಗಿ ದೇಶವನ್ನೇ ಉಳಿಸುವ ‘ಮುಲಾನ್’ನಲ್ಲೂ ಶೇ. 77. ಹೆಸರಿಗೆ ರಾಜಕುಮಾರಿಯ ಕಥೆ, ಮಾತೆಲ್ಲ ಸುತ್ತಲಿನ ಗಂಡಸರದು. ಇದೇ ಅಧ್ಯಯನದಲ್ಲಿ ಹೊಗಳಿಕೆಯ ಲೆಕ್ಕವೂ ಇದೆ. ಹಳೆಯ ಸಿನಿಮಾಗಳಲ್ಲಿ ಹೆಣ್ಣು ಪಾತ್ರಗಳಿಗೆ ಸಿಗುವ ಹೊಗಳಿಕೆಯಲ್ಲಿ ಶೇ. 55 ರೂಪದ ಬಗ್ಗೆ. ಹೊಸ ಸಿನಿಮಾಗಳಲ್ಲಿ ಅದು ಶೇ. 22ಕ್ಕೆ ಇಳಿದು, ಸಾಮರ್ಥ್ಯದ ಬಗೆಗಿನ ಮೆಚ್ಚುಗೆ ಶೇ. 40ಕ್ಕೆ ಏರಿದೆ. ಅಂದರೆ ಕಥೆಗಳು ತಮ್ಮನ್ನು ತಾವು ತಿದ್ದಿಕೊಳ್ಳುತ್ತಿವೆ. ‘ಈಗಿನ ರಾಜಕುಮಾರಿಯರು ಧೈರ್ಯವಂತೆಯರು, ಇನ್ನು ಚಿಂತೆ ಯಾಕೆ?’ ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಂಗಡಿಯ ಕಪಾಟಿನಲ್ಲಿದೆ. 2016ರ ಮೊವಾನಾ ತೆರೆಯ ಮೇಲೆ ಒಂಟಿ ದೋಣಿಯಲ್ಲಿ ಕಡಲು ದಾಟಿದಳು. ಅಂಗಡಿಯಲ್ಲಿ ಅವಳ ಹೆಸರಿನಲ್ಲೂ ಉಡುಗೆ, ಸರ, ಹೇರ್‌ಬ್ಯಾಂಡ್ ಬಂದವು.

ಇದರಿಂದ ಮಕ್ಕಳ ಮೇಲೆ ಏನಾಗುತ್ತದೆ? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕೊಯ್ನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. 198 ಎಳೆಯ ಮಕ್ಕಳನ್ನು ಒಂದು ವರ್ಷ ಅನುಸರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ರಾಜಕುಮಾರಿಯರಲ್ಲಿ ಹೆಚ್ಚು ಮುಳುಗಿದ ಮಕ್ಕಳು ವರ್ಷ ಕಳೆದ ಮೇಲೆ ‘ಹುಡುಗಿಯರು ಹೀಗೇ ಇರಬೇಕು’ ಎಂಬ ಅಚ್ಚಿನ ಆಟ, ನಡವಳಿಕೆಗಳಿಗೆ ಹೆಚ್ಚು ಅಂಟಿಕೊಂಡಿದ್ದರು. ಸ್ವತಃ ರಾಜಕುಮಾರಿಯಿಂದಾಗಿ ಹುಡುಗಿಯರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ಹುಟ್ಟಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಆದರೆ ಮೊದಲೇ ಕೀಳರಿಮೆಯಿದ್ದ ಹುಡುಗಿಯರು ಮುಂದೆ ರಾಜಕುಮಾರಿಯರತ್ತ ಹೆಚ್ಚು ವಾಲಿದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕಿ ಎಂದು ಹೇಳಬಹುದಿತ್ತು. ಆದರೆ ಅದೇ ಸಂಶೋಧಕರು 307 ಮಕ್ಕಳನ್ನು ಐದು ವರ್ಷ ಅನುಸರಿಸಿ 2021ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಎಳವೆಯಲ್ಲಿ ರಾಜಕುಮಾರಿಯರನ್ನು ಹಚ್ಚಿಕೊಂಡಿದ್ದ ಮಕ್ಕಳು ಹತ್ತು ಹನ್ನೊಂದರ ವಯಸ್ಸಿಗೆ ಬಂದಾಗ, ಗಂಡಸೆಂದರೆ ದರ್ಪ, ಅಳಬಾರದು ಎಂಬಂಥ ನಂಬಿಕೆಗಳನ್ನು ಕಡಿಮೆ ಒಪ್ಪುತ್ತಿದ್ದರು, ಹೆಣ್ಣು–ಗಂಡಿನ ಬಗ್ಗೆ ಹೆಚ್ಚು ಸಮಭಾವದಿಂದ ಯೋಚಿಸುತ್ತಿದ್ದರು. ಹುಡುಗಿಯರಷ್ಟೇ ಅಲ್ಲ, ಹುಡುಗರೂ. ಹೆಣ್ಣೇ ನಡುವಿನಲ್ಲಿರುವ, ಬಾಂಧವ್ಯಕ್ಕೆ ಬೆಲೆ ಕೊಡುವ ಕಥೆಗಳು ಇವು ಎಂಬುದು ಸಂಶೋಧಕರು ಕೊಡುವ ವಿವರಣೆ. ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ತೋಚುವುದು, ಉಡುಗೆಯ ಪರಿಣಾಮ ಬೇಗ ಕಾಣಿಸುತ್ತದೆ, ಕಥೆಯದು ನಿಧಾನವಾಗಿ ಇಳಿಯುತ್ತದೆ ಎಂದು. ಸಂಶೋಧಕರು ಹೀಗೆ ಹೇಳಿಲ್ಲ, ಇದು ನನ್ನ ಓದು. ಆದರೆ ಇದಕ್ಕೆ ಒತ್ತಾಸೆಯಾಗುವ ಇನ್ನೊಂದು ಪ್ರಯೋಗ ಇದೆ.

2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ಹುಟ್ಟಿಸುವ ಒಂದು ಕೆಲಸ ಕೊಟ್ಟರು. ಸಾಕಾದರೆ ಪಕ್ಕದಲ್ಲಿದ್ದ ಟ್ಯಾಬ್ಲೆಟ್‌ನಲ್ಲಿ ಆಟ ಆಡಬಹುದು. ಕೆಲವು ಮಕ್ಕಳಿಗೆ ‘ನಾನು ಕಷ್ಟಪಟ್ಟು ಕೆಲಸ ಮಾಡುತ್ತಿದ್ದೇನೆಯೇ?’ ಎಂದು ತಮ್ಮನ್ನೇ ಕೇಳಿಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ಇಷ್ಟದ ಪಾತ್ರವೊಂದರ ವೇಷ ಕೊಟ್ಟು, ಆ ಪಾತ್ರದ ಹೆಸರು ಹಿಡಿದು ಕೇಳಿಕೊಳ್ಳಲು ಹೇಳಿದರು. ಬ್ಯಾಟ್‌ಮನ್, ಬಾಬ್ ದಿ ಬಿಲ್ಡರ್, ಡೋರಾ ಜೊತೆಗೆ ಆ ಪಾತ್ರಗಳಲ್ಲಿ ರಾಜಕುಮಾರಿ ರಪುಂಜೆಲ್ ಕೂಡ ಇದ್ದಳು. ವೇಷ ಹಾಕಿದ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಕೂತರು. ಯೋಚಿಸಬೇಕಾದ ಸಂಗತಿ ಇದು. ಗೌನು ತೊಟ್ಟ ಮಗುವಿಗೆ ನಾವು ಸಾಮಾನ್ಯವಾಗಿ ಹೇಳುವುದು ‘ಎಷ್ಟು ಚೆಂದ ಕಾಣ್ತೀಯ!’ ಎಂದು. ಅದೇ ಗೌನಿನ ಮಗುವಿಗೆ ‘ರಪುಂಜೆಲ್ ಕೆಲಸ ಮುಗಿಸ್ತಿದಾಳಾ?’ ಎಂದು ಕೇಳಿದರೆ ಅವಳು ಪಟ್ಟು ಹಿಡಿದು ಕೂರುತ್ತಾಳೆ. ಬಟ್ಟೆ ಒಂದೇ ಬಗೆಯದು, ಬದಲಾದದ್ದು ದೊಡ್ಡವರ ಮಾತು.

‘ಇಷ್ಟೆಲ್ಲ ಯಾಕೆ? ನಿಷೇಧಿಸಿದರಾಯಿತು’ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ದಾರಿ ಫಲ ಕೊಡುವಂಥದ್ದಲ್ಲ. ಮೂರು ನಾಲ್ಕರ ವಯಸ್ಸಿನಲ್ಲಿ ಮಗು ‘ನಾನು ಹೆಣ್ಣು’ ಎಂಬುದನ್ನು ಆಗಷ್ಟೇ ಕಂಡುಕೊಂಡಿರುತ್ತದೆ. ಆ ಗುರುತನ್ನು ಗಟ್ಟಿ ಮಾಡಿಕೊಳ್ಳಲು ಕಣ್ಣಿಗೆ ಢಾಳಾಗಿ ಕಾಣುವ ಗುರುತುಗಳಿಗೆ ಜೋತುಬೀಳುತ್ತದೆ. ಗುಲಾಬಿ ಫ್ರಾಕಿನ ಹಟ ಅಮೆರಿಕದ ಬಿಳಿಯರಲ್ಲಷ್ಟೇ ಅಲ್ಲ, ಅಲ್ಲಿನ ಮೆಕ್ಸಿಕನ್, ಚೀನೀ, ಕಪ್ಪು ಕುಟುಂಬಗಳ ಮಕ್ಕಳಲ್ಲೂ ಇದೆ ಎಂದು ಮೇ ಲಿಂಗ್ ಹಲೀಂ ಮತ್ತು ಡಯಾನ್ ರೂಬಲ್ ಮುಂತಾದವರ ಸಂಶೋಧನೆ ತೋರಿಸಿದೆ. ಈ ವಯಸ್ಸಿನ ಹಟಕ್ಕೆ ಬೇಡ ಎಂದಷ್ಟೂ ರಚ್ಚೆ ಹೆಚ್ಚು. ಅಲ್ಲದೆ, ಹೆಣ್ಣುಮಕ್ಕಳು ಮೆಚ್ಚಿದ್ದೆಲ್ಲ ಪೊಳ್ಳು ಎಂಬ ಇನ್ನೊಂದು ಪಾಠವನ್ನು ನಮಗೆ ಗೊತ್ತಿಲ್ಲದೆ ಕಲಿಸಿಬಿಡುತ್ತೇವೆ. ಮಗ ಸೂಪರ್‌ಮ್ಯಾನ್ ಟೀಶರ್ಟು ಕಳಚದೆ ಮಲಗಿದರೆ ಯಾರೂ ಸಭೆ ಸೇರಿ ಚಿಂತಿಸುವುದಿಲ್ಲ. ‘ಹಾಗಾದರೆ ಬಿಡಿ, ಬೆಳೆದಂತೆ ತಾನೇ ಹೋಗುತ್ತದೆ’ ಎಂಬ ಇನ್ನೊಂದು ಮಾತಿಗೂ ನಾನು ಪೂರ್ತಿ ಒಪ್ಪುವುದಿಲ್ಲ. ಫ್ರಾಕು ಹೋಗುತ್ತದೆ, ನಿಜ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಅಮೆರಿಕದ ಐದು ವರ್ಷದ ಹುಡುಗಿಯರು ‘ತುಂಬಾ ತುಂಬಾ ಬುದ್ಧಿವಂತರು’ ತಮ್ಮಲ್ಲೂ ಇದ್ದಾರೆ ಎಂದು ಹುಡುಗರಷ್ಟೇ ನಂಬುತ್ತಾರೆ. ಆರು, ಏಳು ತುಂಬುವಷ್ಟರಲ್ಲಿ ಆ ನಂಬಿಕೆ ಕುಸಿಯುತ್ತದೆ. ಇದಕ್ಕೆ ರಾಜಕುಮಾರಿಯೇ ಕಾರಣ ಎಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕಿರೀಟದ ಆಟ ನಡೆಯುವುದು ಆ ಕುಸಿತದ ಹೊಸ್ತಿಲಲ್ಲೇ. ಆ ಹೊತ್ತಿನಲ್ಲಿ ಅವಳ ಕಿವಿಗೆ ಬೀಳುವುದು ಬರೀ ಚೆಂದದ ಮಾತಾದರೆ ನಷ್ಟವಿದೆ.

ನಮ್ಮಲ್ಲಿ ಮೂರನೆಯ ಉತ್ತರವೊಂದು ಸಿದ್ಧವಾಗಿದೆ: ‘ಪರದೇಶದ ರಾಜಕುಮಾರಿಯರು ಯಾಕೆ, ನಮ್ಮ ಕಿತ್ತೂರು ಚೆನ್ನಮ್ಮ, ಅಬ್ಬಕ್ಕ, ಓಬವ್ವ ಇಲ್ಲವೇ?’ ಇದ್ದಾರೆ, ಅವರ ಬಗ್ಗೆ ಹೆಮ್ಮೆಯೂ ಸರಿಯೇ. ಆದರೆ ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಚೆನ್ನಮ್ಮನಿಗೆ ಏನಾಗುತ್ತದೆ ನೋಡಿ. ಕಚ್ಚೆಸೀರೆ, ಬೆಳ್ಳಿಬಣ್ಣದ ರಟ್ಟಿನ ಖಡ್ಗ, ಬಾಯಿಪಾಠದ ಒಂದು ಡೈಲಾಗ್, ಒಂದು ಫೋಟೊ. ದತ್ತು ಮಗನ ಹಕ್ಕಿಗಾಗಿ ಅವಳು ಕಂಪನಿ ಸರ್ಕಾರವನ್ನು ಎದುರಿಸಿದ್ದು, 1824ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಕೊನೆಗೆ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ಅವಳು ತೀರಿಕೊಂಡದ್ದು ಆ ಮಗುವಿಗೆ ಯಾರು ಹೇಳುತ್ತಾರೆ? ಕಥೆ ಬಿಟ್ಟರೆ ಚೆನ್ನಮ್ಮನೂ ಉಡುಗೆಯೇ. ಇನ್ನು ಶೃಂಗಾರ ಹೊರಗಿನಿಂದ ಬಂದದ್ದು ಎನ್ನುವುದೂ ಪ್ರಾಮಾಣಿಕವಲ್ಲ. ಮೊಗ್ಗಿನ ಜಡೆ ಹೆಣೆಸಿ, ಗಂಟೆಗಟ್ಟಲೆ ಅಲ್ಲಾಡದೆ ಕೂರಿಸಿ, ಬೆನ್ನ ಹಿಂದೆ ಕನ್ನಡಿಯಿಟ್ಟು ಸ್ಟುಡಿಯೋದಲ್ಲಿ ಫೋಟೊ ತೆಗೆಸಿದವರು ನಾವೇ. ಅದು ಅಕ್ಕರೆಯ ಸಂಭ್ರಮ, ವರ್ಷಕ್ಕೊಂದು ಸಲದ್ದು, ಅಜ್ಜಿಯ ಕೈಬೆರಳು ತಲೆ ಸವರಿದ ನೆನಪಿನದು. ಆದರೂ ‘ಬೆಳ್ಳಗಿದ್ದಿದ್ದರೆ ಇನ್ನೂ ಲಕ್ಷಣವಾಗಿ ಕಾಣುತ್ತಿದ್ದಳು’ ಎಂಬ ಮಾತನ್ನು ಆ ಮಗು ಕೇಳಿಸಿಕೊಂಡದ್ದು ಡಿಸ್ನಿಯಿಂದಲ್ಲ.

ನಮ್ಮ ನಿಜವಾದ ಆಸ್ತಿ ಇರುವುದು ಬೇರೆ ಕಡೆ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಕಲಿಸಿದ ಎ.ಕೆ. ರಾಮಾನುಜನ್, ಸಿಂಡರೆಲ್ಲಾಳ ಕನ್ನಡದ ಅಕ್ಕನೊಬ್ಬಳನ್ನು ಜಗತ್ತಿಗೆ ತೋರಿಸಿದರು. ಅವಳ ಹೆಸರು ಹಂಚಿ. 1982ರಲ್ಲಿ ಹೊರಬಂದ, ಸಿಂಡರೆಲ್ಲಾ ಕಥೆಗಳ ಬಗೆಗಿನ ಹೆಸರಾಂತ ಸಂಕಲನದಲ್ಲಿ ಅವಳ ಕಥೆ ಇದೆ. ಹೊನ್ನಿನ ಕೂದಲಿನ ಹುಡುಗಿ ಇವಳು. ಮನೆಯೊಳಗೇ ಎದ್ದ ಅಪಾಯದಿಂದ ಪಾರಾಗಲು ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ತೊಟ್ಟು ಊರು ಬಿಡುತ್ತಾಳೆ. ಸಿಂಡರೆಲ್ಲಾ ಚೆಂದ ಕಾಣಲು ವೇಷ ಹಾಕಿದರೆ ಹಂಚಿ ಚೆಂದ ಮರೆಸಲು ಹಾಕುತ್ತಾಳೆ. ಸಿರಿವಂತರ ಮನೆಯಲ್ಲಿ ದುಡಿಯುತ್ತಾಳೆ, ಆ ಮನೆಯ ಮಗ ಅವಳ ನಿಜರೂಪ ಕಂಡು ಮದುವೆಯಾಗುತ್ತಾನೆ. ಡಿಸ್ನಿಯ ಸಿನಿಮಾ ಇಲ್ಲಿಗೆ ಮುಗಿಯುತ್ತಿತ್ತು. ಕನ್ನಡದ ಕಥೆ ಇಲ್ಲಿಂದ ಎರಡನೆಯ ಸಲ ಶುರುವಾಗುತ್ತದೆ. ಮನೆಗೆ ಬರುವ ಗುರುಸ್ವಾಮಿಯೊಬ್ಬ ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವನ ಮಾಟದಿಂದ ಅವಳು ಜಾಣತನದಿಂದಲೇ ತಪ್ಪಿಸಿಕೊಳ್ಳುತ್ತಾಳೆ, ಅವನು ಅವಳ ಮೇಲೆಯೇ ಅಪವಾದ ಹೊರಿಸುತ್ತಾನೆ. ಪೆಟ್ಟಿಗೆಯೊಳಗೆ ಕೂಡಿಹಾಕಿದ ಅವಳನ್ನು ಮುದುಕಿಯೊಬ್ಬಳು ಬಿಡಿಸಿ, ಪೆಟ್ಟಿಗೆಗೆ ಹುಚ್ಚುನಾಯಿ ತುಂಬಿಡುತ್ತಾಳೆ. ಪೆಟ್ಟಿಗೆ ತೆರೆದ ಗುರುಸ್ವಾಮಿ ತಕ್ಕ ಶಾಸ್ತಿ ಅನುಭವಿಸುತ್ತಾನೆ. ಹೆಂಗಸರು ಹೇಳಿಕೊಂಡು ಬಂದ ಕಥೆಗಳಲ್ಲಿ ಮದುವೆ ಕೊನೆಯಲ್ಲ, ಹೆಣ್ಣಿನ ನಿಜವಾದ ಪರೀಕ್ಷೆ ಅದರ ಆಚೆಗಿದೆ ಎಂಬುದನ್ನು ರಾಮಾನುಜನ್ ಗುರುತಿಸಿದ್ದರು. ಒಬ್ಬ ಹೆಂಗಸು ಇನ್ನೊಬ್ಬಳ ಕಣ್ಣನ್ನು ನೋಡದ ಟಿಫಿನ್ ಬಾಕ್ಸಿನ ಚಿತ್ರದ ಪಕ್ಕದಲ್ಲಿ, ಮುದುಕಿ ಹುಡುಗಿಯನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಈ ಚಿತ್ರವನ್ನು ಇಟ್ಟು ನೋಡಿ.

ಆದ್ದರಿಂದ ಎಳೆಯ ಹೆಣ್ಣುಮಕ್ಕಳ ಹೆತ್ತವರಲ್ಲಿ ನನ್ನ ಕೋರಿಕೆ ಇಷ್ಟೇ. ಗೌನು ಕಿತ್ತುಕೊಳ್ಳಬೇಡಿ, ಮಣ್ಣಾಗಲಿ ಬಿಡಿ, ಒಗೆದರೆ ಹೋಗುತ್ತದೆ. ಕಿರೀಟ ಇಟ್ಟುಕೊಂಡು ಎದುರು ನಿಂತಾಗ ‘ರಾಜಕುಮಾರಿ ಇವತ್ತು ಏನು ಮಾಡಿದಳು?’ ಎಂದು ಕೇಳಿ. ರಾಜ್ಯದಲ್ಲಿ ಮಳೆ ಇಲ್ಲ, ಏನು ಮಾಡೋಣ ಎಂದು ಕೇಳಿ. ತಮ್ಮ ಬಂದು ತಾನೂ ರಾಜಕುಮಾರಿಯಾಗುತ್ತೇನೆ ಎಂದರೆ ಆಗಲಿ. ಮತ್ತು ನಿಮ್ಮ ಮನೆಯಲ್ಲೋ ಊರಲ್ಲೋ ಇಂಥ ಕಥೆ ಬಲ್ಲ ಅಜ್ಜಿ ಇನ್ನೂ ಇದ್ದರೆ, ಮುಂದಿನ ಸಲ ಹೋದಾಗ ಮಗುವನ್ನು ಅವರ ಪಕ್ಕದಲ್ಲಿ ಕೂರಿಸಿ ಕಥೆ ಹೇಳಿಸಿ, ಎಲ್ಸಾಳ ಹಾಡಿರುವ ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.